‘ಕೆ’ ಎಂದರೆ ಯಾರು?

ಸರಿಯಾದದ್ದನ್ನು ತಪ್ಪು ಎನ್ನುವವರನ್ನು ಹೇಗೋ ಸಹಿಸಿಕೊಂಡೇನು. ‘ಸರಿಯಾಗಿದೆ, ಆದರೆ ಹೀಗೆ ಬರೆಯಬಾರದು’ ಎನ್ನುವವರನ್ನು ಕಂಡರೆ ಮಾತ್ರ ಮೈಯೆಲ್ಲ ಉರಿಯುತ್ತದೆ. ಹುಣಸೂರಿನ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೇರಿದ ನನ್ನ ಪಾಲಿಗೆ ಬಂದ ಗಣಿತದ ಮೇಡಂ ಈ ಎರಡನೆಯ ಬಗೆಯವರು.

ಎರಡು ಸಮಸಂಖ್ಯೆಗಳನ್ನು ಕೂಡಿದರೆ ಸಮಸಂಖ್ಯೆಯೇ ಬರುತ್ತದೆಂದು ಸಾಧಿಸಬೇಕಿತ್ತು. ನಮ್ಮ ಹನಗೋಡಿನಲ್ಲಿ ಯಾರನ್ನು ಕೇಳಿದರೂ ಅನುಮಾನಪಡದ ಸಂಗತಿ. ನಾಲ್ಕೂ ಆರೂ ಹತ್ತು, ಬೇಕಾದರೆ ನೋಡಿಕೊಳ್ಳಿ ಎಂಬ ಧಾಟಿಯಲ್ಲಿ ಬರೆದುಕೊಟ್ಟೆ. ‘ಇದು ಉದಾಹರಣೆ, ಪ್ರೂಫ್ ಅಲ್ಲ’ ಎಂದು ಕೆಂಪು ಶಾಯಿಯಲ್ಲಿ ಗೀಚಿದರು. ಪುಸ್ತಕ ತಿರುವಿ, ಎರಡೂ ಸಂಖ್ಯೆಗಳನ್ನು ‘ಎರಡು ಕೆ’, ಅಂದರೆ ಕೆ ಎಂಬ ಸಂಖ್ಯೆಯ ಎರಡರಷ್ಟು, ಎಂದು ಬರೆದೆ. ಈ ಸಲ ಹತ್ತಿರ ಕರೆದರು.

“ಈ ಕೆ ಯಾರಮ್ಮ? ಪರಿಚಯ ಮಾಡಿಸದೆ ಸೀದಾ ಒಳಗೆ ಕರ್ಕೊಂಡು ಬಂದಿದ್ದೀಯ. ‘ಕೆ ಒಂದು ಪೂರ್ಣಾಂಕವಾಗಿರಲಿ’ ಅಂತ ಮೊದಲು ಹೇಳಬೇಕು. ಅದೂ ಅಲ್ಲದೆ, ಎರಡಕ್ಕೂ ಒಂದೇ ಕೆ ಕೊಟ್ಟರೆ ಎರಡೂ ಒಂದೇ ಸಂಖ್ಯೆ ಆಗಿಬಿಡುತ್ತಲ್ಲ!”

ಹೊರಗೆ ಬಂದು ಗೆಳತಿ ರೂಪಾಳ ಮುಂದೆ ಕೂಗಾಡಿದೆ. “ಇರಲಿ ಅನ್ಬೇಕಂತೆ! ನಾನು ಅನ್ನದಿದ್ರೆ ಆ ಕೆ ಇರಾಕಿಲ್ವಾ?”

ಪಿರಿಯಾಪಟ್ಟಣದ ರೂಪಾ ಸಮಾಧಾನದ ಹುಡುಗಿ. “ಬುಡೇ ಅತ್ಲಾಗೆ. ನಾನು ಅರ್ಥ ಆಗದ ಕಡೆಯೆಲ್ಲ ಪುಸ್ತಕದಲ್ಲಿರೋ ಅಂಗೆ ‘ಸ್ಪಷ್ಟವಾಗಿ’ ಅಂತ ಬರ್ದಿದ್ದೆ. ‘ಯಾರಿಗೆ ಸ್ಪಷ್ಟ?’ ಅಂತ ಕೇಳವ್ರೆ ಕಣೇ.”

ನನ್ನ ಸಿಟ್ಟು ಇಮ್ಮಡಿಯಾಯಿತು. ಪುಸ್ತಕ ಬರೆದವರಿಗೆ ಸ್ಪಷ್ಟವಾಗಬಹುದು, ಪಿರಿಯಾಪಟ್ಟಣದವರಿಗೆ ಆಗಬಾರದೆ?

ಹಟಕ್ಕೆ ಬಿದ್ದು ಕಲಿತೆ. ಕೆ, ಎರಡನೆಯ ಸಂಖ್ಯೆಗೆಂದು ಕರೆತಂದ ‘ಎಂ’, ಇಬ್ಬರನ್ನೂ ಮೊದಲ ಸಾಲಿನಲ್ಲೇ ಮರ್ಯಾದೆಯಾಗಿ ಪರಿಚಯಿಸಿದೆ. ಬರೆಯುವವಳು ನಾನೊಬ್ಬಳೇ ಆದರೂ, ಊರಿನವರೆಲ್ಲ ಹಿಂದೆ ನಿಂತಿರುವಂತೆ ‘ನಾವು’ ಎಂದೆ. ಕಾರಣವಿದ್ದ ಕಡೆ ಮಾತ್ರ ‘ಆದ್ದರಿಂದ’ ಎಂದೆ. ಅದು ಬಲು ಕಷ್ಟ, ಮನೆಯ ಮಾತಿನಲ್ಲಿ ಆ ಅಭ್ಯಾಸವೇ ಇಲ್ಲ. ಕೊನೆಗೊಂದು ದಿನ ತರಗತಿಯ ಬೋರ್ಡಿನ ಮೇಲೆ ಪೂರ್ತಿ ಬರೆದು ನಿಂತಾಗ ಮೇಡಂ, “ಈಗ ಪ್ರೂಫ್ ಆಯ್ತು ನೋಡು” ಎಂದರು. ಸಿಟ್ಟು ಬಿಡಬಾರದೆಂದುಕೊಂಡಿದ್ದೆ, ಆದರೂ ಬಸ್ಸಿನಲ್ಲಿ ಊರು ಮುಟ್ಟುವವರೆಗೆ ಹಿಗ್ಗುತ್ತಲೇ ಇದ್ದೆ.

ಅದೇ ಗತ್ತಿನಲ್ಲಿ ಮನೆಯೊಳಗೆ ಕಾಲಿಟ್ಟರೆ, ಅವ್ವ ಹಿತ್ತಿಲಿನಿಂದ ಶುರುಮಾಡಿದಳು: “ಒಂದ್ ದಿನಾನೂ ಪಾತ್ರೆ ತೊಳ್ದವಳಲ್ಲ ನೀನು!”

“ಅಂಗನ್ನಂಗಿಲ್ಲ ಕಣವ್ವ. ತೊಳ್ದಿರೋ ದಿನ ಒಂದೇ ಒಂದು ಸಿಕ್ಕಿದ್ರೂ ನಿನ್ ಮಾತು ಸುಳ್ಳಾಯ್ತದೆ.”

“ಸರಿ ಬುಡು, ಆ ದಿನ ಯಾವ್ದು ಅಂತ ಏಳು.”

ಯೋಚಿಸಿದೆ. ದೀಪಾವಳಿ, ಯುಗಾದಿ, ಅಣ್ಣನ ಮದುವೆ, ಎಲ್ಲವನ್ನೂ ಜಾಲಾಡಿದೆ. ಅವ್ವ ಸೊಂಟದ ಮೇಲೆ ಕೈಯಿಟ್ಟುಕೊಂಡು ಕಾಯುತ್ತಿದ್ದಳು. ಬೇರೆ ದಾರಿಯಿಲ್ಲದೆ ಹಿತ್ತಿಲಿಗೆ ಹೋಗಿ, ಅಷ್ಟೂ ಪಾತ್ರೆಗಳನ್ನು ಹಲ್ಲು ಕಚ್ಚಿಕೊಂಡು ತಿಕ್ಕಿದೆ. ಅವ್ವನ ಮಾತು ಸುಳ್ಳೆಂದು ಸಾಧಿಸಿದ್ದಾಯಿತು. ಅವ್ವನಿಗೆ ಅದರಿಂದ ಒಂದಿಷ್ಟೂ ಬೇಜಾರಾದಂತೆ ಕಾಣಲಿಲ್ಲ.