ರಷ್ಯಾದ ಚಂದ್ರ ಮತ್ತು ಕಾಕೂನ ಸಂಕಷ್ಟಿ

ಉಳಿದವರು ಪೇಪರು ಓದುತ್ತಾರೆ. ನಮ್ಮ ಕಾಕಾ ಪೇಪರನ್ನು ಜಾರಿಗೆ ತರುತ್ತಿದ್ದರು!

ಹುಬ್ಬಳ್ಳಿಯ ಬಸ್ಸು ಸವದತ್ತಿ ಸ್ಟ್ಯಾಂಡಿನಲ್ಲಿ ಪೇಪರಿನ ಕಟ್ಟು ಇಳಿಸುವುದೇ ತಡ, ಕಾಕಾ ನಿಂತಲ್ಲೇ ಒಂದನ್ನು ಬಿಡಿಸುತ್ತಿದ್ದರು. ರಾಜಕಾರಣ ಬೇಡ, ಹತ್ತಿಯ ಧಾರಣೆ ಬೇಡ. ‘ವಿಜ್ಞಾನಿಗಳು ಕಂಡುಹಿಡಿದಿದ್ದಾರೆ’ ಎಂಬ ಸಾಲು ಎಲ್ಲಿದೆ ಎಂದು ಅವರ ಕಣ್ಣು ಹುಡುಕುತ್ತಿತ್ತು. ಸಿಕ್ಕಿತೋ, ಮುಗಿಯಿತು. ಲಂಡನ್ನಿನಲ್ಲಿ ಕಂಡುಹಿಡಿದದ್ದು ಅದೇ ಸಂಜೆ ನಮ್ಮ ಅಡುಗೆಮನೆಗೆ ಬಂದಿರಲೇಬೇಕು. ಹಿರಿಯರು ಪುರಾಣ ಹೇಳಿ ಬದುಕಿದ ಮನೆತನ ನಮ್ಮದು. ಕಾಕಾ ಮಾತ್ರ ಪುರಾಣ ಬಿಟ್ಟು ಬಸ್ ಸ್ಟ್ಯಾಂಡಿನ ಎದುರು ಬಾಡಿಗೆ ಸೈಕಲ್ಲಿನ ಅಂಗಡಿ ಇಟ್ಟಿದ್ದರು. ಹೇಳುವ ಚಟ ಮಾತ್ರ ರಕ್ತದಲ್ಲಿತ್ತು ನೋಡಿ, ಪಂಕ್ಚರ್ ತಿದ್ದುತ್ತಲೇ ಗಿರಾಕಿಗಳಿಗೆ ವಿಜ್ಞಾನದ ಪುರಾಣ ನಡೆಯುತ್ತಿತ್ತು.

ನಾನು ಆಗಷ್ಟೇ ಟ್ರೇನಿಂಗ್ ಮುಗಿಸಿ ಸವದತ್ತಿಯ ಹೆಣ್ಣುಮಕ್ಕಳ ಶಾಲೆಗೆ ಅಕ್ಕೋರಾಗಿ ಬಂದಿದ್ದೆ. ಕಾಕಾ-ಕಾಕೂಗೆ ಮಕ್ಕಳಿರಲಿಲ್ಲ. ಅಣ್ಣನ ಮಗಳು ಬೇರೆ ಕಡೆ ಖೋಲಿ ಹಿಡಿಯುವುದುಂಟೇ? ಹೀಗೆ ನಾನು ಅವರ ಮನೆ ಸೇರಿದೆ, ಅವರ ಪ್ರಯೋಗಗಳಿಗೂ ಸೇರಿದೆ.

ನಾನು ಬಂದ ವಾರದಲ್ಲೇ ಜೀವಸತ್ವದ ಸುದ್ದಿ ಬಂತು.

“ಎಲ್ಲಾ ಸತ್ವ ಸಿಪ್ಪಿಯೊಳಗs ಅದ ಅಂತ! ಇನ್ನ ಮುಂದ ಈ ಮನ್ಯಾಗ ಏನೂ ಹೆರೆಯೂದು ಬ್ಯಾಡ,” ಎಂದು ಕಾಕಾ ಒಳಗೆ ಬರುತ್ತಲೇ ಸಾರಿದರು.

“ಹೀರೀಕಾಯಿ ಸಿಪ್ಪಿ ಚಟ್ನಿ ನಮ್ಮತ್ತಿ ನನಗ ಕಲಿಸಿ ಎಷ್ಟು ವರ್ಷಾದ್ವು,” ಎಂದರು ಕಾಕು ಒಲೆಯ ಮುಂದಿನಿಂದ. “ನಿಮ್ಮ ವಿಜ್ಞಾನಿಗೆ ಈಗ ಎಚ್ಚರಾತೇನು?”

ಅಷ್ಟಕ್ಕೇ ಬಿಡಲಿಲ್ಲ. ಮರುದಿನ ಕಾಕಾನ ತಾಟಿನಲ್ಲಿ ಬಾಳೆಹಣ್ಣನ್ನು ಸಿಪ್ಪೆಯ ಸಮೇತ ಹೆಚ್ಚಿಟ್ಟರು. ಕಾಕಾ ಎರಡು ಹೋಳು ಅಗಿದರು, ಮೂರನೆಯದನ್ನು ಬಹಳ ಹೊತ್ತು ನೋಡಿದರು, ಆಮೇಲೆ “ಈ ಸಂಶೋಧನಾ ಇನ್ನೂ ಪೂರ್ತಿ ಆಗಿಲ್ಲ ಕಾಣಸ್ತದ” ಎಂದು ಎದ್ದುಬಿಟ್ಟರು.

ಅವರ ಪುರಾಣದ ಖಾಯಂ ಶ್ರೋತೃ ಎಂದರೆ ಎದುರು ಮನೆಯ ಸಾವಕಾರರು. ಹತ್ತಿ ವ್ಯಾಪಾರದ ಗಟ್ಟಿ ಕುಳ, ಮಾತಿನಲ್ಲಿ ಕಾಕಾನಿಗೆ ಒಂದು ಗುಲಗಂಜಿಯಷ್ಟೂ ಸೋಲುವವರಲ್ಲ. ಅಣುವಿನ ಸುದ್ದಿ ಬಂದ ದಿನ ಕಾಕಾ ಅವರನ್ನು ಅಂಗಡಿಯ ಕಟ್ಟೆಯ ಮೇಲೆ ಕೂಡಿಸಿಕೊಂಡರು.

“ಸಾವಕಾರ್ರ, ಜಗತ್ತೆಲ್ಲಾ ಅಣು. ಅಣುವಿನೊಳಗ ನೋಡಿದ್ರ ಬರೇ ಪೊಳ್ಳು. ಈ ಕಟ್ಟಿ ಪೊಳ್ಳು, ಈ ಗ್ವಾಡಿ ಪೊಳ್ಳು, ನೀವೂ ಪೊಳ್ಳು, ನಾನೂ ಪೊಳ್ಳು!”

ಸಾವಕಾರರು ಹೂಂಗುಟ್ಟಿ, ಒಂದು ಸೈಕಲ್ಲು ಬಾಡಿಗೆಗೆ ಒಯ್ದು, ಸಂಜೆ ಬೆವರು ಒರೆಸಿಕೊಳ್ಳುತ್ತ ಅದನ್ನು ತಳ್ಳಿಕೊಂಡು ಬಂದರು.

“ಆಚಾರ್ರ, ನೀವು ಹೇಳಿದ್ದು ಖರೇ ಐತಿ ನೋಡ್ರಿ. ನಿಮ್ಮ ಹಿಂದಿನ ಗಾಲಿ ಪೂರಾ ಪೊಳ್ಳ ಬಿದ್ದೈತಿ. ಉಗರಗೋಳದಿಂದ ನೂಕ್ಕೋತ ಬಂದೇನಿ! ಮೊದ್ಲ ಇದಕ್ಕ ಗಾಳಿ ಹೊಡೀರಿ, ಜಗತ್ತಿಂದು ಆಮ್ಯಾಲ ನೋಡೂಣು.”

ಇಂಥ ಮನುಷ್ಯ ರೇಡಿಯೋ ತರದೆ ಬಿಟ್ಟಾರೆಯೇ? ತಂದರು. ಏರಿಯಲ್ಲು ಎತ್ತರವಾದಷ್ಟೂ ದೂರದ ಸ್ಟೇಶನ್ ಹತ್ತುತ್ತದೆ ಎಂದು ಎಲ್ಲೋ ಓದಿದ್ದರು. ಮಾಳಿಗೆಯ ಮೇಲೆ ಗಳ ನಿಲ್ಲಿಸಿದರು, ಸಾಲಲಿಲ್ಲ. ಹಿತ್ತಲಿನ ಬೇವಿನ ಮರ ಹತ್ತಿದರು, ಸಾಲಲಿಲ್ಲ. ಮರದ ತುದಿಗೆ ಹತ್ತಿದರು, ಅಲ್ಲಿಂದ ಬಿದ್ದರು! ಎಚ್ಚರವಿಲ್ಲದೆ ಮಲಗಿದವರು ಮರುದಿನ ಕಣ್ಣು ಬಿಟ್ಟು ಕೇಳಿದ ಮೊದಲ ಮಾತು, “ಸ್ಟೇಶನ್ ಹತ್ತಿತೇನು?” ಕಾಕು ನಗುತ್ತಲೇ ಅತ್ತರು, ಅಳುತ್ತಲೇ ನಕ್ಕರು. ಆ ಹೊತ್ತಿಗಾಗಲೇ ಅವರು ಗಣಪತಿಗೆ ಹರಕೆ ಹೊತ್ತಾಗಿತ್ತು, ಇವರೊಬ್ಬರು ಎದ್ದು ಕೂತರೆ ಇರುವ ತನಕ ಸಂಕಷ್ಟಿ ಹಿಡಿಯುತ್ತೇನೆ ಎಂದು.

ಸಂಕಷ್ಟಿ ನಿಮಗೆ ಗೊತ್ತಲ್ಲ? ಹುಣ್ಣಿಮೆ ಕಳೆದು ಚೌತಿಯ ದಿನ ಹಗಲೆಲ್ಲ ಉಪವಾಸ, ಚಂದ್ರ ಮೂಡಿದ ಮೇಲೆ ಊಟ. ಮೋಡ ಕವಿದಿದ್ದರೆ ಉಳಿದವರು ಪಂಚಾಂಗದಲ್ಲಿ ಹೊತ್ತು ನೋಡಿ ಎಲೆ ಹಾಕುತ್ತಾರೆ. ನಮ್ಮ ಕಾಕು ಹಾಗಲ್ಲ. ಚಂದ್ರ ಕಣ್ಣಿಗೆ ಕಾಣಬೇಕು. ಕಾಣದಿದ್ದರೆ ಮರುದಿನ ಸ್ನಾನ ಪೂಜೆ ಆಗುವ ತನಕ ಬಾಯಿಗೆ ನೀರೂ ಇಲ್ಲ. ವಿಕ್ಷಿಪ್ತರು ಕಾಕಾ ಒಬ್ಬರೇ ಎಂದುಕೊಂಡಿರಾ?

ಐವತ್ತೇಳನೆಯ ಇಸವಿಯ ಶ್ರಾವಣದಲ್ಲಿ ಕಾಕೂಗೆ ವಿಷಮಜ್ವರ ಬಂತು. ಎದ್ದರು, ಆದರೆ ಅರ್ಧವಾಗಿ ಎದ್ದರು. ಬಳೆಗಳು ಮೊಣಕೈ ತನಕ ಜಾರುತ್ತಿದ್ದವು. “ಇನ್ನ ಉಪವಾಸ ಗಿಪವಾಸ ಮಾಡಿದ್ರ ನನ್ನ ಕರೀಬ್ಯಾಡ್ರಿ” ಎಂದು ಡಾಕ್ಟರರು ಗದರಿಸಿ ಹೋದರು. ಕಾಕು ಅವರೆದುರು ತಲೆ ಆಡಿಸಿದರು, ಚೌತಿ ಬಂದಾಗ ಒಲೆಯ ಮುಂದೆ ಹಸಿದೇ ಕುಳಿತರು.

ದಸರೆಯ ಬನ್ನಿ ಕೊಟ್ಟು ಮುಗಿದಿತ್ತೋ ಇಲ್ಲವೋ, ರಷ್ಯಾದವರು ಆಕಾಶಕ್ಕೆ ಹೊಸ ಚಂದ್ರನನ್ನು ಹಾರಿಸಿದ ಸುದ್ದಿ ಬಂತು. ಕಾಕಾನ ಸಂಭ್ರಮ ಕೇಳಬೇಡಿ! ಹಾರಿಸಿದವರು ತಾವೇ ಎಂಬಂತೆ ಓಣಿಯಲ್ಲೆಲ್ಲ ಪೇಢೆ ಹಂಚಿದರು. ಆ ಸಂಜೆ ಓಣಿಗೆ ಓಣಿಯೇ ಮಾಳಿಗೆ ಹತ್ತಿತು. ಕುತ್ತಿಗೆ ನೋಯುವ ತನಕ ಎಲ್ಲರೂ ಮೇಲೆ ನೋಡಿದರು.

“ಅಗೋ! ಕೆಂಪಗ ಹೊಳ್ಯಾಕತ್ತದ! ಸರಿಲಿಕ್ಕತ್ತದ!” ಎಂದು ಕಾಕಾ ಕೂಗಿದರು. ಹೆಂಗಸರು ಕೈ ಮುಗಿದರು.

“ಆಚಾರ್ರ,” ಎಂದು ಆ ಕಡೆಯ ಕತ್ತಲಿನಿಂದ ಸಾವಕಾರರ ದನಿ ಬಂತು, “ಅದು ನನ್ನ ಬೀಡಿ ಐತ್ರಿ.”

ನಗು ನಿಲ್ಲುವ ಮೊದಲೇ ಸಂಕಷ್ಟಿ ಬಂತು. ಅಂದು ಸಂಜೆಯಿಂದಲೇ ಮೋಡ. ಚಂದ್ರ ಕಾಣಲೇ ಇಲ್ಲ. ಬೆಳಿಗ್ಗೆ ಸ್ನಾನ ಮಾಡಿ ಬಂದ ಕಾಕು ದೇವರ ಮುಂದೆ ದೀಪ ಹಚ್ಚಲು ಬಗ್ಗಿದವರು ಹಾಗೇ ಕುಸಿದರು. ನಾನು ತಲೆ ಹಿಡಿದುಕೊಂಡೆ, ಕಾಕಾ ಕೈಯಲ್ಲಿದ್ದ ಪೇಪರಿನಿಂದ ಗಾಳಿ ಬೀಸಿದರು. ಕಾಕು ಕಣ್ಣು ತೆರೆದು ಎರಡು ಗುಟುಕು ಹಾಲು ಕುಡಿಯುವ ತನಕ ಅವರು ಬೀಸುವುದನ್ನು ನಿಲ್ಲಿಸಲಿಲ್ಲ. ಇನ್ನೊಂದು ಇಂಥ ಚೌತಿ ಬಂದರೆ ಕಾಕು ಉಳಿಯುವುದಿಲ್ಲ ಎಂಬ ಹೆದರಿಕೆ ನಮ್ಮಿಬ್ಬರ ಎದೆಯಲ್ಲೂ ಅಂದೇ ಕೂತಿತು.

ದೀಪಾವಳಿ ಆಯಿತು. ರಷ್ಯಾದವರು ಎರಡನೆಯ ಚಂದ್ರನನ್ನೂ ಹಾರಿಸಿದರು, ಈ ಸಲ ಒಳಗೊಂದು ನಾಯಿ. ಕಾಕಾ ಸುದ್ದಿಯನ್ನು ಗಟ್ಟಿಯಾಗಿ ಓದಿದರು. ಕಾಕು ಅಕ್ಕಿ ಆರಿಸುವುದನ್ನು ನಿಲ್ಲಿಸಿದರು.

“ಅಲ್ರೀ, ಅದಕ್ಕ ಊಟಕ್ಕ ಯಾರು ಹಾಕ್ತಾರ?”

ಕಾಕಾ ಪೇಪರನ್ನು ಮೇಲಿಂದ ಕೆಳಗೆ ಹುಡುಕಿದರು.

“ಏನೋ ವ್ಯವಸ್ಥಾ ಇರಬೇಕು ತಗೋ.”

“ವ್ಯವಸ್ಥಾ! ಮೂಕ ಪ್ರಾಣಿನ ಒಂದs ಮ್ಯಾಲ ಕಳಿಸ್ಯಾರ. ಪಾಪ, ಹಸದು ಹೆಂಗ ಇರ್ತದೋ.”

“ಹೌದಲ್ಲ?” ಕಾಕಾ ಪೇಪರು ಮಡಿಚಿ ಅವರ ಎದುರು ಬಂದು ಕುಳಿತರು. “ರಷ್ಯಾದ ನಾಯಿ ಹಸಿವು ನಿನಗ ತಿಳೀತದ. ನಿಂದು ನನಗ ತಿಳ್ಯಾಂಗಿಲ್ಲೇನು? ನನ್ನ ಮಾತು ಕೇಳು. ಚಂದ್ರನ್ನ ನೋಡಿ ಉಣ್ಣಬೇಕು ಅಂತ ಹರಕಿ. ಯಾವ ಚಂದ್ರ ಅಂತ ಏನರ ಹೇಳೀಯೇನು?”

“ಅಯ್ಯ, ಮನಷ್ಯಾರು ಮಾಡಿದ ಚಂದ್ರಗ ಅರ್ಘ್ಯ ಕೊಡಲೇನು?”

“ನಳದ ನೀರು ಮುನ್ಸಿಪಾಲ್ಟಿಯವರು ಬಿಟ್ಟದ್ದು. ಅದರಲೆ ನೀ ಮಡಿ ಸ್ನಾನ ಮಾಡಂಗಿಲ್ಲೇನು?”

ಇಷ್ಟು ವರ್ಷಗಳಲ್ಲಿ ಕಾಕಾ ಗೆದ್ದ ಒಂದೇ ವಾದ ಅದು. ಕಾಕು ಮತ್ತೆ ಅಕ್ಕಿಯ ಮೊರ ಎಳೆದುಕೊಂಡು, “ನನ್ನ ಕಣ್ಣಿಗೆ ಕಂಡ್ರ ಉಣ್ತೀನಿ. ಪೇಪರಿನ್ಯಾಗ ಕಂಡ್ರ ಅಲ್ಲ” ಎಂದರು.

ಮುಂದಿನ ಸಂಕಷ್ಟಿಯ ದಿನ ಮಧ್ಯಾಹ್ನಕ್ಕೇ ಮತ್ತೆ ಮೋಡ ಹಾಕಿತು. ಕಾಕೂನ ಮುಖ ಬಿಳಿಚಿತ್ತು, ಗೋಡೆ ಹಿಡಿದು ಓಡಾಡುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಕಾಕಾ ಬಂದು, ರಷ್ಯಾದ ಚಂದ್ರ ಇನ್ನೇನು ಯಲ್ಲಮ್ಮನ ಗುಡ್ಡದ ಕಡೆಯಿಂದ ಬರುತ್ತದೆ ಎಂದು ಹೇಳಿದರು.

“ಕಾಕಾ, ಇಷ್ಟು ಮೋಡ ಅವಲ್ರಿ?” ಎಂದೆ.

“ಅದು ಸಣ್ಣದವಾ. ಮೋಡದ ಕೆಳಗs ಹಾಯ್ತದ!” ಎಂದರು. ವಿಜ್ಞಾನಕ್ಕೆ ಅಂಥ ಅಪಚಾರವನ್ನು ಅವರ ಬಾಯಲ್ಲಿ ನಾನು ಎಂದೂ ಕೇಳಿರಲಿಲ್ಲ. “ನೀವಿಬ್ರೂ ಮಾಳಗಿ ಹತ್ತಿ ನೋಡ್ರಿ. ಕಂಡ ಕೂಡ್ಲೆ ಕಂದೀಲ ಎತ್ತಿ ತೋರಿಸ್ರಿ, ನಾ ವ್ಯಾಳ್ಯಾ ಬರಕೋತೀನಿ. ನನಗ ಅಂಗಡ್ಯಾಗ ಒಂದು ಟಾಯರು ತಿದ್ದೂದದ.”

ಬೀಡಿಯ ಕೆಂಡ ನೋಡಲು ಇಡೀ ಓಣಿಯನ್ನು ಮಾಳಿಗೆ ಹತ್ತಿಸಿದ ಮನುಷ್ಯ, ಖರೇ ಚಂದ್ರ ಬರುವಾಗ ಟಾಯರು ತಿದ್ದಲು ಹೋಗುವುದೆಂದರೇನು? ನನಗೆ ಸೋಜಿಗ. ಕಾಕೂನ ಕೈ ಹಿಡಿದು ಮೆಲ್ಲಗೆ ಮೇಲೆ ಕರೆದೊಯ್ದು, ಕಂಬಳಿ ಹೊದಿಸಿ ಕೂಡಿಸಿದೆ. ಕತ್ತಲಲ್ಲಿ ಗುಡ್ಡ ಯಾವುದು, ಆಕಾಶ ಯಾವುದು ತಿಳಿಯುತ್ತಿರಲಿಲ್ಲ. ಬಹಳ ಹೊತ್ತು ಕಾದೆವು.

ಆಮೇಲೆ ದೂರದ ಕತ್ತಲೆಯಲ್ಲಿ, ಸಾಕಷ್ಟು ಎತ್ತರದಲ್ಲಿ, ಒಂದು ಬೆಳಕು ಹೊತ್ತಿತು. ಹೊತ್ತಿ ಬಲದಿಂದ ಎಡಕ್ಕೆ ಸರಿಯತೊಡಗಿತು!

“ಕಾಕು, ಬಂತು!” ಎಂದು ಚೀರಿದೆ. ನಿಜ ಹೇಳುತ್ತೇನೆ, ಆ ಒಂದು ಕ್ಷಣ ನಾನೂ ನಂಬಿದ್ದೆ.

ಬೆಳಕು ಸ್ವಲ್ಪ ದೂರ ಸರಿದು ಮಂಕಾಯಿತು. ಆರಿತು. ಸ್ವಲ್ಪ ತಡೆದು ಮತ್ತೆ ಹೊತ್ತಿ, ಅಳ್ಳಾಡುತ್ತ ಮುಂದೆ ಹೋಗಿ, ಮತ್ತೆ ಆರಿತು. ಗಾಲಿ ತಿರುಗಿದರೆ ಹೊತ್ತಿ, ನಿಂತರೆ ಆರುವ ದೀಪ ಯಾವುದು ಎಂದು ಸೈಕಲ್ ಅಂಗಡಿಯವರ ಮನೆಯಲ್ಲಿ ಯಾರಿಗೆ ತಿಳಿಯುವುದಿಲ್ಲ? ಡೈನಮೋ ದೀಪ! ಆ ಗುಡ್ಡದ ಏರಿನಲ್ಲಿ, ಆ ಕತ್ತಲಲ್ಲಿ! ನಾನು ಕಾಕೂನ ಕಡೆ ನೋಡಲಾರದೆ ಕೂತೆ.

“ಹಗೂರಕ ಹೋಗ್ರಿ,” ಎಂದರು ಕಾಕು ಆ ಬೆಳಕಿಗೆ, ಪಕ್ಕದಲ್ಲೇ ಕೂತವರಿಗೆ ಹೇಳುವ ದನಿಯಲ್ಲಿ. “ಬಿದ್ದು ಗಿದ್ದೀರಿ.”

ಆಮೇಲೆ ಎದ್ದು ನಿಂತು, ತಂಬಿಗೆಯಿಂದ ಅರ್ಘ್ಯ ಬಿಟ್ಟು ಕೈ ಮುಗಿದರು. “ಗಣಪ್ಪಾ, ಈ ತಿಂಗಳದ ಚಂದ್ರ ಹಿಂಗ ಬಂದಾನ. ನೀನs ಸಂಭಾಳಿಸಿಕೋ.” ನನ್ನತ್ತ ತಿರುಗಿ, “ಕಂದೀಲ ಎತ್ತವಾ ಲಗೂನ. ಹರಕಿ ನಾ ಯಾರ ಸಂಬಂಧ ಹೊತ್ತೀನಿ? ನಾ ಉಣ್ಣಲಿಲ್ಲಂದ್ರ ಅವರು ರಾತ್ರಿಯೆಲ್ಲಾ ಅಲ್ಲೇ ತಿರಗ್ತಾರ, ಇಳ್ಯಾಂಗಿಲ್ಲ” ಎಂದರು.

ನಾನು ಕಂದೀಲು ಎತ್ತಿ ಹಿಡಿದೆ. ಕಣ್ಣು ತುಂಬಿ ಏನೂ ಕಾಣುತ್ತಿರಲಿಲ್ಲ.

ಕಾಕು ಊಟ ಮುಗಿಸಿ ಇನ್ನೊಂದು ಎಲೆ ಹಾಕುವ ಹೊತ್ತಿಗೆ ಕಾಕಾ ಬಂದರು. ಧೋತರದ ತುಂಬ ಹುಲ್ಲಿನ ಮುಳ್ಳು, ಉಸಿರು ಮೇಲಕ್ಕೂ ಕೆಳಕ್ಕೂ. ಏನೂ ತಿಳಿಯದವರಂತೆ ಕಂಬಕ್ಕೆ ಆತು ನಿಂತು ಕೇಳಿದರು.

“ಕಂಡಿತೇನು?”

“ಕಂಡಿತಲ್ಲ,” ಎಂದರು ಕಾಕು, ಕಡುಬಿನ ಮೇಲೆ ತುಪ್ಪ ಹಾಕುತ್ತ. “ಮುಂದಿನ ಸಂಕಷ್ಟಿಗೆ ಅದಕ್ಕ ಗುಡ್ಡ ಏರಬ್ಯಾಡ ಅಂತ ಹೇಳ್ರಿ. ನಮ್ಮ ಓಣ್ಯಾಗ ಹಾದ್ರೂ ನಡೀತದ.”