ಮೂಗಿಗೊಂದು ಸಾಲ

“ಈ ತಿಂಗಳು ಮುಗಿಯೋದ್ರೊಳಗೆ ನನ್ನ ಮೂಗು ನೆಟ್ಟಗಾಗ್ಲಿಲ್ಲ ಅಂದ್ರೆ, ನನ್ನನ್ನ ಫ್ರೇಮ್ ಪಂಡಿತ ಅಂತ ಯಾರೂ ಕರೀಕೂಡ್ದು!”

ಹೀಗೆಂದು ಪಂಡಿತರು ಊಟದ ಮೇಜನ್ನು ಗುದ್ದಿದ ರಭಸಕ್ಕೆ ಅವರ ಕನ್ನಡಕ ಮೂಗಿನಿಂದ ಜಾರಿ ನೀರಿನ ಲೋಟದೊಳಗೆ ಮುಳುಗಿತು. ಈ ಭೀಷಣ ಪ್ರತಿಜ್ಞೆಯನ್ನು ಕೇಳಿಸಿಕೊಳ್ಳಲು ಅಲ್ಲಿದ್ದದ್ದು ಹೆಂಡತಿ ಒಬ್ಬರೇ. ಆಕೆ ಕನ್ನಡಕವನ್ನು ಎತ್ತಿ, ಸೆರಗಿನಿಂದ ಒರೆಸಿ ಕೊಟ್ಟು, “ನಾನು ಯಾವತ್ತು ಹಾಗೆ ಕರೆದಿದ್ದೀನಿ?” ಎಂದರು.

ಪಂಡಿತರೆಂದರೆ ಶಾಸ್ತ್ರ ಓದಿದವರೇನಲ್ಲ. ಕನ್ನಡಕದ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಗಿರಾಕಿಗಳ ಮುಖಕ್ಕೆ ಫ್ರೇಮ್ ಕೂರಿಸುತ್ತಿರುವವರು. ಬಾಗಿಲಲ್ಲಿ ಮುಖ ಕಂಡರೆ ಸಾಕು, ದುಂಡನೆಯ ಫ್ರೇಮೋ ಚೌಕದ್ದೋ ಎಂದು ಅಲ್ಲಿಂದಲೇ ತೀರ್ಪು ಕೊಡುತ್ತಿದ್ದರು. ಕನ್ನಡಕದ ಕಡ್ಡಿಯನ್ನು ಬಿಸಿ ಮಾಡಿ ಎಲ್ಲಿ, ಎಷ್ಟು ಬಗ್ಗಿಸಬೇಕೆಂಬುದು ಅವರ ಬೆರಳಿಗೇ ಗೊತ್ತಿತ್ತು. ಊರಿನವರ ಕನ್ನಡಕಗಳೆಲ್ಲ ಅಳತೆ ಹಿಡಿದಂತೆ ಸಮನಾಗಿ ಕೂತಿದ್ದರೆ, ಪಂಡಿತರ ಸ್ವಂತ ಕನ್ನಡಕ ಮಾತ್ರ ಸದಾ ಎಡಕ್ಕೆ ವಾಲಿಕೊಂಡಿರುತ್ತಿತ್ತು. ಕಾರಣ ಅವರಿಗೆ ಚೆನ್ನಾಗಿ ಗೊತ್ತಿತ್ತು. ಏಳನೇ ವಯಸ್ಸಿನಲ್ಲಿ ಉಯ್ಯಾಲೆಯಿಂದ ಬಿದ್ದು ಮೂಗು ಊದಿಕೊಂಡಾಗ ಅಜ್ಜಿ, “ಅಯ್ಯೋ, ಮಗೂನ ಮೂಗು ಸೊಟ್ಟ ಆಗ್ಹೋಯ್ತಲ್ಲೇ” ಎಂದಿದ್ದರು. ಊತ ವಾರದಲ್ಲಿ ಇಳಿಯಿತು. ಅಜ್ಜಿಯ ಮಾತು ಮಾತ್ರ ನಲವತ್ತು ವರ್ಷವಾದರೂ ಇಳಿಯಲಿಲ್ಲ.

ಇಷ್ಟು ವರ್ಷ ಹೊತ್ತು ತಿರುಗಿದ ಮೂಗಿನ ಬಗ್ಗೆ ಈಗೇಕೆ ಅವಸರವೆಂದರೆ, ಅಂಗಡಿಯ ಮಾಲೀಕರು ಎರಡನೇ ಅಂಗಡಿ ತೆರೆಯುವವರಿದ್ದರು.

“ಹೊಸ ಅಂಗಡಿ ಯಾರ ಕೈಗೆ ಕೊಡ್ತೀನೋ, ಅವರದೇ ಮುಖ ಬಾಗಿಲ ಮೇಲೆ ಇರ್ಬೇಕು. ಇಪ್ಪತ್ತಡಿ ಬೋರ್ಡು” ಎಂದಿದ್ದರು ಮಾಲೀಕರು. “ಕೆಲಸ ನೋಡಿದ್ರೆ ನೀನೇ ಸರಿ ಕಣಯ್ಯ. ಆದ್ರೆ ನಿನ್ನ ಮುಖದ ಮೇಲೆ ಕನ್ನಡಕ ವಾಲುತ್ತಲ್ಲ? ಇಪ್ಪತ್ತಡೀಲಿ ಎಷ್ಟು ವಾಲ್ಬಹುದು, ಲೆಕ್ಕ ಹಾಕು. ತಿಂಗಳ ಕೊನೇಲಿ ಫೋಟೋ. ಅಷ್ಟರಲ್ಲಿ ಏನಾದ್ರೂ ಮಾಡ್ಕೋ. ಇಲ್ದಿದ್ರೆ ಬಿಲ್ಲಿನವನು ಇದ್ದೇ ಇದ್ದಾನೆ.”

ಗಲ್ಲಾದಲ್ಲಿ ಕೂತು ಬಿಲ್ಲು ಬರೆಯುವ ಈ ಬಿಲ್ಲಿನವನಿಗೆ ಓದುವ ಕನ್ನಡಕಕ್ಕೂ ಬಿಸಿಲಿನ ಕನ್ನಡಕಕ್ಕೂ ವ್ಯತ್ಯಾಸ ತಿಳಿಯದು. ಆದರೆ ಅವನ ಮೂಗು ಮಾತ್ರ ಗೆರೆ ಎಳೆದಂತೆ ನೆಟ್ಟಗಿತ್ತು. ಇಪ್ಪತ್ತೆರಡು ವರ್ಷ ದುಡಿದ ತಮ್ಮನ್ನು ಒಂದು ಮೂಗು ದಾಟಿ ಹೋಗುತ್ತದಲ್ಲ ಎಂದು ಪಂಡಿತರು ಕುದಿಯುತ್ತಿದ್ದರು.

“ಆಪರೇಷನ್ ಮಾಡಿಸ್ಕೋತೀನಿ” ಎಂದರು ಹೆಂಡತಿಗೆ.

“ನೆಗಡಿ ಬಂತು ಅಂತ ಮೂಗು ಕುಯ್ಸಿಕೊಂಡವರಿದ್ದಾರಂತೆ. ನಿಮಗೆ ನೆಗಡೀನೂ ಬಂದಿಲ್ವಲ್ರೀ.”

“ಇದು ನನ್ನ ಭವಿಷ್ಯದ ಪ್ರಶ್ನೆ. ನೀನು ಇದರಲ್ಲಿ ಮೂಗು ತೂರಿಸ್ಬೇಡ.”

“ತೂರಿಸಲ್ಲ ಬಿಡಿ. ದುಡ್ಡಿಗೇನ್ ಮಾಡ್ತೀರಿ?”

“ಸಾಲ! ಲೋಕವೇ ಸಾಲದ ಮೇಲೆ ನಡೀತಿದೆ. ನನ್ನ ಮೂಗು ಯಾವ ಲೆಕ್ಕ?”

ಮರುದಿನವೇ ಆಸ್ಪತ್ರೆಗೆ ಹೋದರು. ಡಾಕ್ಟರು ಮೂಗನ್ನು ಮೇಲಿಂದ, ಕೆಳಗಿಂದ, ಎರಡೂ ಪಕ್ಕದಿಂದ ನೋಡಿದರು. “ಎಲ್ಲರ ಮೂಗೂ ಒಂದೆಳೆಯಷ್ಟು ಆ ಕಡೆ ಈ ಕಡೆ ಇರುತ್ತೆ. ನಿಮಗೆ ಆಪರೇಷನ್ ಅಗತ್ಯ ಏನಿಲ್ಲ. ಬೇಕೇ ಬೇಕು ಅಂದ್ರೆ ಮಾಡ್ಬಹುದು” ಎಂದರು. ಪಂಡಿತರ ಕಿವಿಗೆ ಬಿದ್ದದ್ದು ‘ಮಾಡ್ಬಹುದು’ ಎಂಬುದೊಂದೇ. ಅಗತ್ಯವಿಲ್ಲದ ಆಪರೇಷನ್ನಿಗೆ ವಿಮೆಯ ಹಣ ಬರುವುದಿಲ್ಲ, ಐದು ತಿಂಗಳ ಸಂಬಳದಷ್ಟು ಖರ್ಚನ್ನು ಕೈಯಿಂದಲೇ ಹಾಕಬೇಕು ಎಂದೂ ಗೊತ್ತಾಯಿತು. ಮೂಗಿಗಿಂತ ಮೂಗುತಿ ಭಾರವೆಂದು ಬೇರೆಯವರಾಗಿದ್ದರೆ ಮನೆಗೆ ಹೊರಡುತ್ತಿದ್ದರು. ಪಂಡಿತರು ಮೆಟ್ಟಿಲಿಳಿದು ಸೀದಾ ಕೆಳಮಹಡಿಯಲ್ಲಿ ಚಿಕಿತ್ಸೆಗೆಂದು ಸಾಲ ಕೊಡುವ ಮೇಜಿಗೆ ಹೋದರು.

ಅಲ್ಲಿ ಕೂತಿದ್ದ ಸಾಲದ ಮೇಡಂ ಕಂಪ್ಯೂಟರಿನಲ್ಲಿ ಪಂಡಿತರ ಹಳೆಯ ಸಾಲಗಳ ಜಾತಕ ತೆಗೆದರು. “ಸರ್, ನಿಮ್ಮ ಕ್ರೆಡಿಟ್ ಸ್ಕೋರ್ ಐನೂರ ಅರವತ್ತೊಂದು.”

ಪಂಡಿತರ ಎದೆ ಉಬ್ಬಿತು. “ನೋಡಿ! ಶಾಲೇಲಿ ಯಾವತ್ತೂ ನನಗೆ ಇಷ್ಟು ನಂಬರ್ ಬಂದಿರ್ಲಿಲ್ಲ.”

“ಇದು ಶುರುವಾಗೋದೇ ಮುನ್ನೂರರಿಂದ ಸರ್. ಖಾಲಿ ಹಾಳೆ ಕೊಟ್ಟು ಬಂದ್ರೂ ಮುನ್ನೂರು.”

ಉಬ್ಬಿದ ಎದೆ ಅಲ್ಲೇ ಇಳಿಯಿತು. ಮೇಡಂ ಮುಂದುವರಿಸಿದರು. “ಟ್ರೆಡ್‌ಮಿಲ್ ತಗೊಂಡು ಒಂಬತ್ತು ಕಂತು ಕಟ್ಟಿಲ್ಲ ನೀವು.”

“ಅದು ಓಡೋದು ನಿಲ್ಲಿಸ್ತು, ನಾನು ಕಟ್ಟೋದು ನಿಲ್ಲಿಸ್ದೆ. ಇದರಲ್ಲಿ ನನ್ನ ತಪ್ಪೇನಿದೆ?”

“ಯಾರದೋ ಸ್ಕೂಟರಿಗೆ ಜಾಮೀನು ಬೇರೆ ನಿಂತಿದ್ದೀರಿ. ಅವರೂ ಕಟ್ಟಿಲ್ಲ.”

“ಅವನು ನನ್ನ ಷಡ್ಡಕ ಮೇಡಂ. ಅವನು ಕಟ್ಟೋನಾಗಿದ್ರೆ ನನ್ನ ಜಾಮೀನು ಯಾಕೆ ಬೇಕಾಗಿತ್ತು?”

ಮೇಡಂ ಅರ್ಜಿಯನ್ನು ಮಡಚಿ ವಾಪಸು ಕೊಟ್ಟರು.

ಪಂಡಿತರು ಅಷ್ಟಕ್ಕೆ ಜಗ್ಗುವವರಲ್ಲ. ಮೊಬೈಲ್ ತೆಗೆದರೆ ‘ಸ್ಕೋರ್ ಕಡಿಮೆಯೇ? ಚಿಂತೆ ಬಿಡಿ!’ ಎಂದು ಕರೆಯುವ ಪುಣ್ಯಾತ್ಮರು ಹಿಂಡುಹಿಂಡಾಗಿ ಕಾದಿದ್ದರು. ಅಂಗಡಿಯಲ್ಲಿ ಗಿರಾಕಿಗಳಿಗೆ “ಕೆಳಗಿನ ಸಾಲು ಓದಿ” ಎನ್ನುತ್ತ, ಅವರು ಓದಿ ಮುಗಿಸುವಷ್ಟರಲ್ಲಿ ಒಂದೊಂದು ಅರ್ಜಿ ಗುಜರಾಯಿಸಿದರು. ಎರಡು ದಿನದಲ್ಲಿ ಏಳು ಅರ್ಜಿ! ಏಳೂ ಕಡೆಯಿಂದ ‘ವಿಷಾದಿಸುತ್ತೇವೆ’ ಎಂಬ ಒಂದೇ ಮಾತು ಬಂತು. ಎಂಟನೆಯವನು ಮಾತ್ರ ಕೊಡಲು ಒಪ್ಪಿದ. ಅವನ ಬಡ್ಡಿಯ ಲೆಕ್ಕದಲ್ಲಿ ಸಾಲ ತೀರುವಷ್ಟರಲ್ಲಿ ಮೂರು ಮೂಗು ಸರಿ ಮಾಡಿಸಬಹುದಿತ್ತು. ಪಂಡಿತರಿಗೆ ಇದ್ದದ್ದು ಒಂದೇ.

ಸೋತು ಮತ್ತೆ ಸಾಲದ ಮೇಡಂ ಎದುರು ಕೂತರು.

“ಸರ್, ಈಗ ಐನೂರ ಹದಿನೆಂಟಕ್ಕೆ ಇಳಿದಿದೆ.”

“ಅದೆಂಗೆ? ನಾನು ಒಂದು ಪೈಸೆ ಸಾಲ ಮಾಡಿಲ್ಲ!”

“ಎಂಟು ಕಡೆ ಕೇಳಿದ್ದೀರಲ್ಲ. ಕೇಳಿದಷ್ಟೂ ಇಳಿಯುತ್ತೆ.”

“ಕೊಡದೇ ಇದ್ರೂನಾ?”

“ಹೌದು ಸರ್. ಇವನಿಗೆ ತುಂಬಾ ಅವಸರ ಇದೆ ಅಂತ ಅರ್ಥ ಮಾಡ್ಕೋತಾರೆ.”

“ಹಾಗಾದ್ರೆ ಈಗ ನೀವು ತೆಗೆದು ನೋಡಿದ್ರಲ್ಲ, ಅದಕ್ಕೆ?”

“ಅದಕ್ಕೂ ಒಂದು ಸ್ವಲ್ಪ…”

“ಮುಚ್ಚಿ ಮೇಡಂ, ಮುಚ್ಚಿ! ನೋಡ್ಬೇಡಿ!” ಎನ್ನುತ್ತ ಪಂಡಿತರು ಮೇಜಿನ ಮೇಲೆ ಬಾಗಿ ಕಂಪ್ಯೂಟರಿಗೆ ಎರಡೂ ಕೈ ಅಡ್ಡ ಹಿಡಿದರು. ಸಾಲಿನಲ್ಲಿ ಕಾಯುತ್ತಿದ್ದವರೆಲ್ಲ ಕತ್ತು ಉದ್ದ ಮಾಡಿ ನೋಡಿದರು. ಮೇಡಂ ಬಹಳ ತಾಳ್ಮೆಯಿಂದ ಅವರ ಕೈಗಳನ್ನು ಸರಿಸಿ, “ಮನೇಲಿ ಯಾರದಾದ್ರೂ ಒಳ್ಳೆ ಸ್ಕೋರ್ ಇದ್ರೆ ಕರ್ಕೊಂಡು ಬನ್ನಿ. ಅವರು ಜೊತೆಗೆ ಸಹಿ ಹಾಕಿದ್ರೆ ನೋಡೋಣ” ಎಂದರು.

ಮನೆಯಲ್ಲಿದ್ದದ್ದು ಹೆಂಡತಿ. ಆಕೆಗೆಲ್ಲಿಯ ಸ್ಕೋರು ಎಂದುಕೊಂಡೇ ಪಂಡಿತರು ಬೇಕರಿಗೆ ಹೋದರು. ಆಕೆ ಅಲ್ಲಿ ಕೇಕುಗಳ ಮೇಲೆ ಹೆಸರು ಬರೆಯುವ ಕೆಲಸದಲ್ಲಿದ್ದರು. ಓವನ್ನಿನ ಬಾಗಿಲು ತೆರೆದಾಗಲೆಲ್ಲ ಆಕೆಯ ದಪ್ಪ ಕನ್ನಡಕಕ್ಕೆ ಹಬೆ ಹಿಡಿಯುತ್ತಿತ್ತು. ಒರೆಸಿಕೊಂಡು ಬರೆಯುವುದು, ಬರೆದು ಒರೆಸಿಕೊಳ್ಳುವುದು. ಗಂಡನ ಗೋಳು ಕೇಳಿದ ಆಕೆ ಕ್ರೀಮಿನ ಕೈ ತೊಳೆದು, ಊಟದ ಬಿಡುವಿನಲ್ಲಿ ಜೊತೆಗೆ ಹೊರಟರು.

ಸಾಲದ ಮೇಡಂ ಆಕೆಯ ವಿವರ ಒತ್ತಿದರು. ಒತ್ತಿದವರು ಹಾಗೆಯೇ ಎದ್ದು ನಿಂತರು.

“ಮೇಡಂ, ಎಂಟುನೂರ ಆರು! ಕೂತ್ಕೊಳ್ಳಿ. ನೀರು ತರಿಸ್ಲಾ?”

ಇಷ್ಟು ದಿನ ಓಡಾಡಿದ ಪಂಡಿತರಿಗೆ ಆ ಮೇಜಿನ ಮೇಲೆ ಒಂದು ಹನಿ ನೀರು ಸಿಕ್ಕಿರಲಿಲ್ಲ.

“ನೀನು ಯಾವಾಗ ಸಾಲ ಮಾಡಿದ್ದೆ?” ಎಂದು ಪಿಸುಗುಟ್ಟಿದರು.

“ಫ್ರಿಜ್ಜು, ಹೊಲಿಗೆ ಮಷೀನು, ಆಮೇಲೆ ನಿಮ್ಮ ಫೋನು. ಎಲ್ಲಾನೂ ಕಟ್ಟಿ ತೀರ್ಸಿದ್ದೀನಿ. ಒಂದು ದಿನ ತಡ ಮಾಡಿಲ್ಲ” ಎಂದ ಆಕೆ ಮೇಡಂ ಕಡೆ ತಿರುಗಿದರು. “ಇವರ ಜೊತೆ ಸೇರಿ ತಗೊಂಡ್ರೆ ಹೇಗೆ?”

“ಇವರನ್ನ ಸೇರಿಸ್ಕೊಂಡ್ರೆ ಬಡ್ಡಿ ಜಾಸ್ತಿ ಮೇಡಂ. ನಿಮಗೂ ತೊಂದರೆ.”

“ಸೇರಿಸ್ಕೊಳ್ದಿದ್ರೆ?”

“ಕಮ್ಮಿ ಬಡ್ಡಿ, ಈಗಿಂದೀಗ್ಲೇ ಮಂಜೂರು.”

“ಮದುವೆಗೆ ಮುಂಚೆ ಎಲ್ಲಿದ್ರಿ ನೀವು?” ಎಂದರು ಹೆಂಡತಿ. ಸಾಲದ ಮೇಡಂ ಮೊದಲ ಬಾರಿ ನಕ್ಕರು. “ಆದ್ರೆ ಮೇಡಂ, ನಿಮ್ಮ ಹೆಸರಿನ ಸಾಲ ನಿಮ್ಮ ಚಿಕಿತ್ಸೆಗೇ ಆಗ್ಬೇಕು. ಇದು ನಮ್ಮ ನಿಯಮ.”

ಹೆಂಡತಿ ತಮ್ಮ ದಪ್ಪ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಆಮೇಲೆ ಮೆಲ್ಲಗೆ, “ಕನ್ನಡಕ ಹೋಗೋ ಹಾಗೆ ಕಣ್ಣಿಗೆ ಲೇಸರ್ ಮಾಡ್ತಾರಲ್ಲ, ಅದಕ್ಕೂ ಆಗುತ್ತಾ?” ಎಂದು ಕೇಳಿದರು.

ಪಂಡಿತರು ಹೆಂಡತಿಯ ಕಡೆ ಗಕ್ಕನೆ ತಿರುಗಿದರು. “ಏನೇ ಇದು! ಕನ್ನಡಕದವನ ಹೆಂಡ್ತೀನೇ ಕನ್ನಡಕ ಬಿಟ್ರೆ ಮಾಲೀಕರಿಗೆ ನಾನು ಯಾವ ಮುಖ ತೋರಿಸ್ಲಿ? ನನ್ನ ಮೂಗಿನ ಗತಿ?”

“ರೀ, ಆರು ವರ್ಷದಿಂದ ಆಸೆ ಇದು. ಮೂರು ಸಲ ಕನ್ನಡಕ ಹಿಟ್ಟಿನೊಳಗೆ ಬಿದ್ದಿದೆ. ಹೋದ ತಿಂಗಳು ಹಬೇಲಿ ಕಾಣದೆ ‘ವಿವಾಹ ವಾರ್ಷಿಕೋತ್ಸವ’ ಅನ್ನೋ ಕಡೆ ‘ವಿವಾದ ವಾರ್ಷಿಕೋತ್ಸವ’ ಅಂತ ಬರೆದ್ಬಿಟ್ಟೆ. ಆ ಕೇಕಿನ ದುಡ್ಡು ನನ್ನ ಸಂಬಳದಲ್ಲೇ ಮುರ್ಕೊಂಡ್ರು. ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ.”

ಪಂಡಿತರಿಗೆ ನಿಜವಾಗಿಯೂ ನಾಚಿಕೆಯಾಯಿತು. ಊರಿನವರಿಗೆಲ್ಲ “ಸರಿಯಾಗಿ ಕಾಣುತ್ತಾ?” ಎಂದು ಕೇಳುವವರು ಮನೆಯಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಜೇಬಿನಿಂದ ತಮ್ಮ ಪೆನ್ನು ತೆಗೆದು ಹೆಂಡತಿಯ ಕೈಗೆ ಕೊಟ್ಟರು. ಆಕೆ ಸಹಿ ಹಾಕಿದರು. ಹೊಸ ಅಂಗಡಿಯೂ, ಇಪ್ಪತ್ತಡಿ ಬೋರ್ಡೂ ಬಿಲ್ಲಿನವನ ಪಾಲಾದವೆಂದು ಪಂಡಿತರು ಮನಸ್ಸಿನಲ್ಲೇ ಕೈ ತೊಳೆದುಕೊಂಡರು.

ಕಣ್ಣಿನ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ಎರಡು ದಿನ ಹೆಂಡತಿ ಕಪ್ಪು ಕನ್ನಡಕ ಹಾಕಿಕೊಂಡು ಕೂತರು, ಪಂಡಿತರು ಅಡುಗೆ ಮಾಡಿದರು, ಇಬ್ಬರೂ ಅದನ್ನು ಸಹಿಸಿಕೊಂಡು ತಿಂದರು.

ಮೂರನೆಯ ದಿನವೇ ಫೋಟೋ. ಆಸೆ ಬಿಟ್ಟಿದ್ದರೂ ಮನಸ್ಸು ತಡೆಯದೆ ಪಂಡಿತರು ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತಿದ್ದರು. ಕನ್ನಡಕವನ್ನು ಬಲಕ್ಕೆ ಎತ್ತುವುದು, ಅದು ಎಡಕ್ಕೆ ವಾಲುವುದು. ಬೆರಳಿನಿಂದ ಮೂಗನ್ನು ಒತ್ತಿ ಹಿಡಿದರು. ಮೂಗು ಹಿಡಿದುಕೊಂಡು ಫೋಟೋ ತೆಗೆಸಿಕೊಂಡರೆ ಅಂಗಡಿಯಲ್ಲಿ ಏನೋ ನಾರುತ್ತಿದೆ ಎಂದು ಜನ ತಿಳಿದಾರು ಎಂದು ಬಿಟ್ಟುಬಿಟ್ಟರು. ಅಷ್ಟರಲ್ಲಿ ಹೆಂಡತಿ ಕಪ್ಪು ಕನ್ನಡಕ ತೆಗೆದು ಹತ್ತಿರ ಬಂದರು. ಬರಿಗಣ್ಣಿನಲ್ಲಿ ಗಂಡನ ಮುಖವನ್ನು ಹೊಸದಾಗಿ ಕೊಂಡ ಪಾತ್ರೆಯನ್ನು ನೋಡುವಂತೆ ತಿರುಗಿಸಿ ತಿರುಗಿಸಿ ನೋಡಿದರು.

“ರೀ, ನಿಮ್ಮ ಮೂಗು ನೆಟ್ಟಗೇ ಇದೆ.”

“ಸಮಾಧಾನ ಹೇಳ್ಬೇಡ.”

“ಸಮಾಧಾನ ಅಲ್ಲ. ನಿಮ್ಮ ಎಡಗಿವಿ ಬಲಗಿವಿಗಿಂತ ಒಂದು ಕಾಳಿನಷ್ಟು ಕೆಳಗಿದೆ. ಅದಕ್ಕೇ ವಾಲ್ತಿರೋದು.”

ಪಂಡಿತರು ಕನ್ನಡಿಗೆ ಮುಖ ಅಂಟಿಸಿದರು. ಕಿವಿಗಳು! ಅಂಗಡಿಗೆ ಬಂದವರ ಕಿವಿಯನ್ನು ಮೊದಲು ನೋಡಬೇಕೆಂದು ಹೊಸಬರಿಗೆ ಪಾಠ ಹೇಳುತ್ತಿದ್ದವರು ತಮ್ಮ ಕಿವಿಯನ್ನು ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ನೋಡಿಕೊಂಡಿರಲಿಲ್ಲ. ಅಷ್ಟರಲ್ಲಿ ಹೆಂಡತಿ ಕನ್ನಡಕವನ್ನು ಕಿತ್ತುಕೊಂಡು, ಒಲೆಯ ಮೇಲೆ ಕುದಿಯುತ್ತಿದ್ದ ನೀರಿನ ಹಬೆಗೆ ಎಡಗಡೆಯ ಕಡ್ಡಿಯನ್ನು ಹಿಡಿದು, ಎರಡು ಬೆರಳಿನಲ್ಲಿ ಒಂದಿಷ್ಟು ಬಗ್ಗಿಸಿ, ತಂದು ಮುಖಕ್ಕೆ ಕೂರಿಸಿದರು. ಕನ್ನಡಕ ಗೋಡೆಗೆ ಮೊಳೆ ಹೊಡೆದು ಕೂರಿಸಿದಷ್ಟು ಸಮನಾಗಿ ಕೂತಿತು. ಇನ್ನು ಬಿಲ್ಲಿನವನ ಮೂಗು ಎಷ್ಟು ನೆಟ್ಟಗಿದ್ದರೂ ಉಪಯೋಗವಿರಲಿಲ್ಲ.

ಪಂಡಿತರಿಗೆ ಕುಣಿಯಬೇಕೋ ಅಳಬೇಕೋ ತಿಳಿಯಲಿಲ್ಲ. “ಇಷ್ಟೇನಾ?” ಎಂದರು, ಬಹಳ ಸಣ್ಣ ಧ್ವನಿಯಲ್ಲಿ.

“ಇಷ್ಟೇ” ಎಂದು ಹೆಂಡತಿ ಅಂಗಿಯ ಕಾಲರು ಸರಿ ಮಾಡಿದರು. “ಕಡ್ಡೀನ ಗುಡ್ಡ ಮಾಡೋರು ಊರ ತುಂಬಾ ಇದ್ದಾರೆ ಕಣ್ರೀ. ಆ ಗುಡ್ಡಕ್ಕೆ ಎಂಟು ಕಡೆ ಸಾಲ ಕೇಳಿದವರು ನೀವೊಬ್ಬರೇ.”