ಪ್ರಶ್ನೆಗಿಂತ ಮೊದಲೇ ಬಂದ ಉತ್ತರ

ಇಂಟರ್ವ್ಯೂ ನಡೆಯೋ ಕಡೆ ಇಂಥವು ನಡೀತಾನೇ ಇರ್ತವೆ ಕಣ್ರೀ. ಎಚ್‌ಆರ್ ಕೆಲಸಕ್ಕೆ ಸೇರಿದ ಮೇಲೆ ನಾನಂತೂ ಹಾಲು ಹಾಕೋನನ್ನೂ ಅನುಮಾನದಿಂದಲೇ ನೋಡ್ತೀನಿ. ನಮ್ಮದು ಬೊಮ್ಮಸಂದ್ರದ ಒಂದು ಪಂಪ್ ಫ್ಯಾಕ್ಟರಿ. ನಮ್ಮ ಮ್ಯಾನೇಜರ್‌ಗೆ ಓದು, ಅನುಭವ ಎಲ್ಲ ಆಮೇಲೆ. ಮೊದಲು ತಲೆ ಓಡುತ್ತಾ ನೋಡಬೇಕು. ಅದಕ್ಕೇ ದಿನಕ್ಕೊಂದು ಪಜಲ್. ಅದು ಗೊತ್ತಿರ್ತಿದ್ದದ್ದು ನಮ್ಮಿಬ್ಬರಿಗೇ.

1. ತಲೆ

ಅವತ್ತಿನ ಪ್ರಶ್ನೆ: ಕೊಡೆ ಇಲ್ಲದೆ ಮಳೇಲಿ ನಡೆದವನ ಒಂದು ಕೂದಲೂ ನೆನೀಲಿಲ್ಲ, ಯಾಕೆ? ಮೊದಲನೇ ಹುಡುಗ ಬಂದ, ಕೂತ. ಮ್ಯಾನೇಜರ್ ಇನ್ನೂ ಬಾಯಿ ತೆರೆದಿಲ್ಲ, ಅವರ ಮುಖ ನೋಡ್ಕೊಂಡೇ "ಬೋಳುತಲೆ ಸಾರ್!" ಅಂದುಬಿಟ್ಟ.

ನಮ್ಮ ಮ್ಯಾನೇಜರ್ ತಲೇಲಿ ಹುಡುಕಿದರೂ ಒಂದು ಕೂದಲಿಲ್ಲ. ಹುಡುಗ ಬೈದದ್ದಲ್ಲ, ಪ್ರಶ್ನೆ ಲೀಕ್ ಆಗಿದೆ ಅಂತ ಒಪ್ಪಿಸೋಷ್ಟರಲ್ಲಿ ನನಗೆ ಸಾಕುಸಾಕಾಯ್ತು. ಒಪ್ಪಿದವರು ನನ್ನ ಕಡೆಗೇ ತಿರುಗಿದರು. "ನಾನಂತೂ ಯಾವ ಕ್ಯಾಂಡಿಡೇಟ್‌ಗೂ ಹೇಳಿಲ್ಲ. ಈ ವಾರದೊಳಗೆ ಕಳ್ಳನ್ನ ಹಿಡ್ಕೊಡಿ. ಇಲ್ಲಾಂದ್ರೆ ನಿಮ್ಮ ಕನ್ಫರ್ಮೇಶನ್ ಮರೆತುಬಿಡಿ."

ನನ್ನ ಪ್ರೊಬೇಷನ್ನಿನ ಕೊನೇ ವಾರ ಅದು.

2. ಗೇಟು

ಮರುದಿನದ ಪ್ರಶ್ನೆ: ಒಂದೇ ತಾಯಿಗೆ ಒಂದೇ ಹೆರಿಗೇಲಿ ಹುಟ್ಟಿದ ಇಬ್ಬರು, ಆದ್ರೆ ಅವಳಿಗಳಲ್ಲ, ಹೇಗೆ? ಬಂದವರ ಮೊಬೈಲೆಲ್ಲ ಗೇಟಲ್ಲೇ ಇಡಿಸಿದೆ. ಹೌಸ್‌ಕೀಪಿಂಗ್ ಅಕ್ಕನ ಬಕೆಟ್ಟಿಗೂ ಇಣುಕಿ ಬೈಸಿಕೊಂಡೆ. ಕೊನೆಗೆ ಸೆಕ್ಯುರಿಟಿ ಅಣ್ಣನ್ನ ಮೂಲೆಗೆ ಕರೆದೆ.

"ಇವತ್ತಿನ ಪ್ರಶ್ನೆ ಏನು? ನಿಜ ಹೇಳಿ."

"ದೇವ್ರಾಣೆಗೂ ಗೊತ್ತಿಲ್ಲ ಮೇಡಂ."

ಸದ್ಯ, ಅಂತ ಉಸಿರು ಬಿಟ್ಟೆ.

"ಉತ್ತರ ಬೇಕಾದ್ರೆ ಹೇಳ್ತೀನಿ. 'ಮೂರನೇ ಮಗುನೂ ಇದೆ.' ಟೀ ಅಂಗಡಿಯಿಂದ ಬರೋರೆಲ್ಲ ಅದನ್ನೇ ಬಾಯಿಪಾಠ ಮಾಡ್ಕೊಂಡು ಬರ್ತಾವ್ರೆ."

3. ಟೀ

ಮಾರನೇ ದಿನ ಐಡಿ ಕಾರ್ಡನ್ನ ವೇಲಿನೊಳಗೆ ಮುಚ್ಕೊಂಡು ಗೇಟೆದುರಿನ ಆ ಟೀ ಅಂಗಡಿಗೆ ಹೋದೆ. ಟೀ ಕೈಗೆ ಬರೋ ಮೊದಲೇ ಅಂಗಡಿ ಅಕ್ಕ ನಮ್ಮ ಅವತ್ತಿನ ಪ್ರಶ್ನೇನ ನನಗೇ ಕೇಳಿದಳು!

"ಯಾರಕ್ಕ ಹೇಳಿದ್ದು ನಿಮಗೆ?"

"ಬೋಳುತಲೆ ಸಾರ್ ಒಬ್ರು ದಿನಾ ಟೀಗೆ ಬಂದು ಒಂದು ಪ್ರಶ್ನೆ ಕೇಳ್ತಾರೆ ಕಣವ್ವಾ. ನಂಗೆ ಉತ್ರ ಬರ್ನಿಲ್ಲ ಅಂದ್ರೆ 'ಇದು ಗಟ್ಟಿ ಪ್ರಶ್ನೆ' ಅಂತ ನಕ್ಕೊಂಡು ಓಯ್ತಾರೆ. ಉತ್ರ ಮಾತ್ರ ಏಳಾಕಿಲ್ಲ. ನಂಗೆ ತಡೀತದಾ? ಟೀಗೆ ಬಂದೋರ್ನೆಲ್ಲ ಕೇಳ್ತೀನಿ."

ಟೀಗೆ ಬಂದೋರು ಅಂದ್ರೆ ಇಂಟರ್ವ್ಯೂಗೆ ಬಂದೋರೇ. ಬೆಂಚಿನ ಮೇಲೆ ಸಾಲಾಗಿ ಕೂತು, ತಲೆಗೆ ತಲೆ ಕೊಟ್ಟು ಯೋಚಿಸ್ತಿದ್ರು.

4. ಗಟ್ಟಿ ಪ್ರಶ್ನೆ

ಕಳ್ಳ ನೀವೇ ಅಂತ ಮ್ಯಾನೇಜರ್ ಮುಖಕ್ಕೆ ಹೇಳೋ ಧೈರ್ಯ ಯಾರಿಗಿದೆ? ಕ್ಯಾಬಿನ್‌ಗೆ ಹೋಗಿ, "ಸಾರ್, ನಂದೂ ಒಂದು ಪಜಲ್. ಒಂದು ಗುಟ್ಟು ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬಳು ಬಾಯೇ ಬಿಟ್ಟಿಲ್ಲ. ಆದ್ರೂ ಗುಟ್ಟು ಬೀದಿಗೆ ಬಂತು. ಹೇಳಿದ್ದು ಯಾರು?" ಅಂದೆ.

ಕಣ್ಣು ಮುಚ್ಚಿದರು. ತಲೆ ಸವರಿಕೊಂಡರು. "ಒಂದು ಕ್ಲೂ ಕೊಡಿ" ಅಂದರು. ನಾನು ಕೊಡಲಿಲ್ಲ.

"ಭಲೇ, ಗಟ್ಟಿ ಪ್ರಶ್ನೆ ಕಣ್ರೀ! ಇರಿ, ಒಂದು ಟೀ ಕುಡ್ಕೊಂಡು ಬಂದು ಹೇಳ್ತೀನಿ" ಅಂತ ಎದ್ದೇ ಹೋದರು.

ಕಿಟಕೀಲಿ ನೋಡ್ತಾ ನಿಂತೆ. ಅವರು ಕೈ ಆಡಿಸಿ ಅಕ್ಕನಿಗೆ ಪ್ರಶ್ನೆ ವಿವರಿಸಿದರು. ಅಕ್ಕ ಬೆಂಚಿನ ಕಡೆ ತಿರುಗಿ ಕೇಳಿದಳು. ಅಲ್ಲಿದ್ದ ಅಷ್ಟೂ ಜನ ಎದ್ದು ನಿಂತು ಒಟ್ಟಿಗೆ ಕೂಗಿದ್ದು ಗೇಟು ದಾಟಿ ನನಗೂ ಕೇಳಿಸ್ತು:

"ನೀವೇ ಸಾರ್!"

ಸಂಜೆಗೆ ನನ್ನ ಕನ್ಫರ್ಮೇಶನ್ ಕೈಗೆ ಬಂತು. ಆ ಬೆಂಚಿನ ಮೇಲಿದ್ದವರಿಗೆಲ್ಲ ಕೆಲಸ ಸಿಕ್ತು. ತಲೆ ಓಡಿತು ಅಂತ ಕೊಟ್ಟರೋ, ಬಾಯಿ ಮುಚ್ಚಿಸೋಕೆ ಕೊಟ್ಟರೋ, ನನಗೆ ಇವತ್ತಿಗೂ ಅನುಮಾನ.